ಲಷ್ಕರ್ ಮೊಹಲ್ಲಾದಿಂದ ಮಾನಸಗಂಗೋತ್ರಿಗೆ: ಶಾಲಾ ಮನಶ್ಶಾಸ್ತ್ರಜ್ಞರಾಗುವ ದಾರಿ

ಮಕ್ಕಳ ಕಲಿಕೆ, ನಡವಳಿಕೆ, ಮನಸ್ಸಿನ ತೊಳಲಾಟ ಈ ಮೂರನ್ನೂ ಶಾಲೆಯೊಳಗೇ ಇದ್ದು ನೋಡುವವರು ಶಾಲಾ ಮನಶ್ಶಾಸ್ತ್ರಜ್ಞರು. ಓದಲು ತಡವರಿಸುವ ಮಗುವಿನ ತೊಡಕು ಕಣ್ಣಿನದೋ ಕಿವಿಯದೋ ಭಾಷೆಯದೋ ಎಂದು ಬಿಡಿಸಿ ನೋಡುವುದು, ಅಗತ್ಯವಿದ್ದರೆ ಬುದ್ಧಿಮತ್ತೆ ಮತ್ತು ಕಲಿಕೆಯ ಪರೀಕ್ಷೆಗಳನ್ನು ನಡೆಸುವುದು, ತರಗತಿಯಲ್ಲಿ ಏನು ಬದಲಾಗಬೇಕೆಂದು ಶಿಕ್ಷಕರೊಡನೆ ಕೂತು ಗೊತ್ತುಮಾಡುವುದು, ಅಪ್ಪ ಅಮ್ಮನಿಗೆ ಅರ್ಥವಾಗುವ ಮಾತಿನಲ್ಲಿ ಅದನ್ನು ತಿಳಿಸುವುದು ಅವರ ನಿತ್ಯದ ಕೆಲಸ. ಔಷಧಿ ಬರೆಯುವವರು ಇವರಲ್ಲ. ಅದು ಎಂಬಿಬಿಎಸ್ ಮುಗಿಸಿ ಮುಂದೆ ಓದಿದ ಮನೋವೈದ್ಯರ ಕೆಲಸ. ತೊಡಕು ಗೊತ್ತಾದ ಮಗುವಿಗೆ ದಿನದಿನವೂ ಪಾಠ ಹೇಳಿಕೊಡುವವರು ವಿಶೇಷ ಶಿಕ್ಷಕರು. ಕರ್ನಾಟಕದ ಶಾಲೆಗಳಲ್ಲಿ ‘ಕೌನ್ಸೆಲರ್’ ಅಥವಾ ‘ಆಪ್ತ ಸಮಾಲೋಚಕರು’ ಎಂಬ ಫಲಕದ ಹಿಂದೆ ಕೂತವರಿಂದ ಶಾಲೆಗಳು ಔಷಧಿ ಬರೆಯುವುದೊಂದನ್ನು ಬಿಟ್ಟು ಉಳಿದ ಈ ಕೆಲಸಗಳನ್ನೆಲ್ಲ ಅಷ್ಟಷ್ಟು ಬಯಸುತ್ತವೆ.

ಹೆಸರು ಒಂದೇ ಆಗಿಲ್ಲದಿರುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಲೈಟ್ನರ್ ವಿಟ್ಮರ್ 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಕ್ಲಿನಿಕ್ ತೆರೆದರು. 1915ರಲ್ಲಿ ಕನೆಕ್ಟಿಕಟ್ ರಾಜ್ಯ ಆರ್ನಾಲ್ಡ್ ಗೆಸೆಲ್ ಅವರನ್ನು ‘ಶಾಲಾ ಮನಶ್ಶಾಸ್ತ್ರಜ್ಞ’ ಎಂಬ ಹುದ್ದೆಯ ಹೆಸರಿನಲ್ಲೇ ನೇಮಿಸಿಕೊಂಡಿತು. ಅಲ್ಲಿ ಅದು ಆಗಿನಿಂದ ಪ್ರತ್ಯೇಕ ವೃತ್ತಿಯಾಗಿ, ಪ್ರತ್ಯೇಕ ಪದವಿಯಾಗಿ ಬೆಳೆಯಿತು. ನಮ್ಮಲ್ಲಿ ಮನಶ್ಶಾಸ್ತ್ರ ಬೆಳೆದದ್ದು ತತ್ತ್ವಶಾಸ್ತ್ರ ವಿಭಾಗಗಳ ಮಗ್ಗುಲಲ್ಲಿ ಮತ್ತು ಆಸ್ಪತ್ರೆಗಳಲ್ಲಿ. ಶಾಲೆಯ ಬಾಗಿಲು ಬಹಳ ತಡವಾಗಿ ತೆರೆಯಿತು.

ಹಾಗೆಂದು ಮೈಸೂರು ಈ ವಿದ್ಯೆಗೆ ಹೊಸತಲ್ಲ. ಕಲ್ಕತ್ತದಲ್ಲಿ 1916ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದ ಎಂಟೇ ವರ್ಷಕ್ಕೆ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ವಿಭಾಗವನ್ನು ಕಟ್ಟಿದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಬುದ್ಧಿಮತ್ತೆಯ ಅಳತೆಯನ್ನು ಕಲಿತು ಬಂದವರು ಅವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ಯನ್ನು ಮೈಸೂರಿಗೆ ಕೇಳಿಸಿದವರೂ ಅವರೇ. ಸಾಮಾನ್ಯ ಓದುಗರಿಗೆ ಈ ಎರಡನೆಯ ಸಂಗತಿ ಗೊತ್ತು, ಮೊದಲನೆಯದು ಮರೆತುಹೋಗಿದೆ. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದರು; ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಮೈಸೂರಿನಲ್ಲೇ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ಜೆ. ಭರತ್‌ರಾಜ್ ಅವರು ಮಗುವಿನ ಬೆಳವಣಿಗೆಯನ್ನು ತಾಯಿಯ ಮಾತಿನಿಂದಲೇ ಅಂದಾಜು ಮಾಡುವ ಪರೀಕ್ಷೆಯನ್ನು ರೂಪಿಸಿದರು. ದೇಶದ ಎಷ್ಟೋ ಕ್ಲಿನಿಕ್‌ಗಳಲ್ಲಿ ಅದರ ಹಾಳೆಗಳು ಇವೆ.

ಇಂದು ಈ ವೃತ್ತಿಗೆ ಬೇಕಾದ ಮೂರು ಸಂಸ್ಥೆಗಳು ಮೈಸೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿ ಮತ್ತು ಅದರ ಆಸುಪಾಸಿನಲ್ಲಿ, ಒಂದಕ್ಕೊಂದು ಸಮೀಪದಲ್ಲಿವೆ: ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಅಧ್ಯಯನ ವಿಭಾಗ, ವಾಕ್ ಶ್ರವಣ ಸಂಸ್ಥೆ, ಮತ್ತು ಎನ್‌ಸಿಇಆರ್‌ಟಿಗೆ ಸೇರಿದ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಊರಿನ ಇನ್ನೊಂದು ಮಗ್ಗುಲಲ್ಲಿ, ಅಶೋಕ ರಸ್ತೆ ಮತ್ತು ಸಂತ ಫಿಲೋಮಿನಾ ಚರ್ಚಿನ ಸುತ್ತಲಿನಲ್ಲಿ ಲಷ್ಕರ್ ಮೊಹಲ್ಲಾ ಇದೆ. ಲಷ್ಕರ್ ಎಂದರೆ ದಂಡು. ದಂಡಿನ ಹೆಸರು ಉಳಿಸಿಕೊಂಡ ಈ ಪೇಟೆಯಲ್ಲಿ ಕನ್ನಡ, ಉರ್ದು, ತಮಿಳು ಅಕ್ಕಪಕ್ಕದಲ್ಲೇ ಕಿವಿಗೆ ಬೀಳುತ್ತವೆ. ಇಂಥ ಮೊಹಲ್ಲಾದ ಮಗು ಶಾಲೆಯಲ್ಲಿ ಹಿಂದೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ, ಈ ವೃತ್ತಿಗೆ ಯಾರು ಅರ್ಜಿ ಹಾಕಬೇಕು ಎಂಬುದೂ ತಿಳಿಯುತ್ತದೆ.

ಮೂರನೇ ತರಗತಿಯ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಬಹುದು. ಒಬ್ಬಳು ‘ಕತ್ತೆ’ಯನ್ನು ‘ಕತೆ’ ಎಂದೂ ‘ಬಟ್ಟೆ’ಯನ್ನು ‘ಬಟೆ’ ಎಂದೂ ಓದುತ್ತಾಳೆ, ಬರೆಯುವಾಗಲೂ ಒತ್ತಕ್ಷರ ಬಿಡುತ್ತಾಳೆ. ಇನ್ನೊಬ್ಬ ‘ಹಳ್ಳಿ’ಯನ್ನು ‘ಹಲ್ಲಿ’ ಎಂದೇ ಓದುತ್ತಾನೆ, ‘ಹಲ್ಲಿ’ ಎಂದೇ ಬರೆಯುತ್ತಾನೆ. ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಬೀಳುವುದು ಒಂದೇ ಬಗೆಯ ಕೆಂಪು ಗೆರೆ. ಆದರೆ ಉರ್ದುವಿನಲ್ಲಿ ‘ಳ’ ಇಲ್ಲ. ಮನೆಯಲ್ಲಿ ಉರ್ದು ಆಡುವ ಹುಡುಗನ ಕಿವಿ ಆ ಭೇದವನ್ನು ಕೇಳಿ ಬೆಳೆದಿಲ್ಲ. ಅವನಿಗೆ ಬೇಕಾದದ್ದು ಕನ್ನಡವನ್ನು ಕೇಳುವ, ಆಡುವ ಅವಕಾಶ. ಒತ್ತಕ್ಷರ ಬಿಡುವ ಹುಡುಗಿಯ ವಿಷಯದಲ್ಲೂ ಅವಸರ ಸಲ್ಲದು. ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ಮಗು ಗುರುತಿಸಬೇಕಾದ ಅಕ್ಷರರೂಪಗಳು ನೂರಾರು. ಕನ್ನಡ ಓದಿನ ಕಲಿಕೆಯ ಬಗ್ಗೆ ಬೆಂಗಳೂರಿನ ಸೋನಾಲಿ ನಾಗ್ ನಡೆಸಿದ ಸಂಶೋಧನೆ, ಇಂಗ್ಲಿಷಿಗೆ ಹೋಲಿಸಿದರೆ ಈ ಅಕ್ಷರಜ್ಞಾನ ಪೂರ್ತಿಯಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆಂದು ತೋರಿಸಿದೆ. ಹಾಗಾಗಿ ಮೂರನೇ ತರಗತಿಯ ಈ ತಪ್ಪು ಸಹಜವಾದ ನಿಧಾನವೂ ಇರಬಹುದು, ಕಲಿಕಾ ನ್ಯೂನತೆಯ ಮೊದಲ ಸೂಚನೆಯೂ ಇರಬಹುದು. ಆಕೆ ಎರಡಕ್ಷರದ ಮಾತನ್ನು ಬಿಡಿಸಿ ಹೇಳಬಲ್ಲಳೇ, ಕೇಳಿದ ಕಥೆಯನ್ನು ತಿರುಗಿ ಹೇಳಬಲ್ಲಳೇ, ಆರು ತಿಂಗಳ ಪಾಠದ ಬಳಿಕ ಏನು ಬದಲಾಯಿತು ಎಂದು ನೋಡಿಯೇ ತೀರ್ಮಾನಿಸಬೇಕು. ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನು ಹಿಡಿದು ಈ ಇಬ್ಬರನ್ನೂ ಅಳೆದರೆ ಸಿಗುವುದು ಅವರ ಇಂಗ್ಲಿಷಿನ ಅಳತೆ ಮಾತ್ರ. ಮಗುವಿನ ಮನೆಮಾತನ್ನು ಬಲ್ಲವರು ಈ ವೃತ್ತಿಗೆ ಬರಬೇಕು. ಅರ್ಜಿಯ ಪ್ರತಿ ಹಂತದಲ್ಲೂ ನೆನಪಿಡಬೇಕಾದ ಮಾತು ಇದು.

ಕರ್ನಾಟಕದಲ್ಲಿ ಈ ವೃತ್ತಿಗೆಂದೇ ಮೀಸಲಾದ ಒಂದು ಪದವಿಯ ರಾಜಮಾರ್ಗವಿಲ್ಲ. ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ, ಅದರ ಮೇಲೆ ಶಾಲಾ ಸಮಾಲೋಚನೆಯ ಡಿಪ್ಲೊಮಾ ಅಥವಾ ಕ್ಲಿನಿಕಲ್ ತರಬೇತಿ, ಜೊತೆಗೆ ಮಕ್ಕಳ ನಡುವೆ ಕೆಲಸ ಮಾಡಿದ ಅನುಭವ: ಇವನ್ನು ವಿದ್ಯಾರ್ಥಿಯೇ ಒಂದಕ್ಕೊಂದು ಜೋಡಿಸಿಕೊಳ್ಳಬೇಕು.

ಜೋಡಣೆ ಪಿಯುಸಿಯಲ್ಲೇ ಆರಂಭವಾಗಬಹುದು. ಕಲಾ ವಿಭಾಗದಲ್ಲಿ ಮನಶ್ಶಾಸ್ತ್ರ ಒಂದು ವಿಷಯ. ಆಗ ಓದದಿದ್ದರೂ ನಷ್ಟವಿಲ್ಲ, ಪದವಿಯಲ್ಲಿ ತೆಗೆದುಕೊಂಡರೆ ಸಾಕು. ಸ್ನಾತಕೋತ್ತರ ಪ್ರವೇಶಕ್ಕೆ ಪದವಿಯಲ್ಲಿ ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದಿರಬೇಕು ಎಂಬುದು ಸಾಮಾನ್ಯ ನಿಯಮ. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಇಲ್ಲಿ ಓದು ಮುಂದುವರಿಸುವವರಿಗೆ ಇದರಿಂದ ತೊಂದರೆಯಿಲ್ಲ. ಹೊರದೇಶದ ಕನಸಿದ್ದವರು ಲೆಕ್ಕ ಹಾಕಬೇಕು, ಮೂರು ವರ್ಷದ ಪದವಿಯನ್ನು ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಮನೆಯಲ್ಲೇ ಕೂತು ಅಂಚೆ ತೆರಪಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮಾಡಿಕೊಳ್ಳುವುದು ಬಹಳ ಜನರ, ಅದರಲ್ಲೂ ಕೆಲಸದಲ್ಲಿರುವ ಶಿಕ್ಷಕಿಯರ ಮತ್ತು ಗೃಹಿಣಿಯರ ದಾರಿಯಾಗಿತ್ತು. 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸಬಾರದೆಂದು ಯುಜಿಸಿ ಸೂಚಿಸಿದೆ. ಆರೋಗ್ಯ ಸೇವೆಗೆ ಸಂಬಂಧಿಸಿದ ವೃತ್ತಿಗಳ ಆಯೋಗವನ್ನು ರಚಿಸಿದ 2021ರ ಕಾಯ್ದೆಯ ಅಡಿಯಲ್ಲಿ ಈ ವಿಷಯ ಬರುವುದೇ ಅದಕ್ಕೆ ಕಾರಣ. ‘ಆರು ತಿಂಗಳಲ್ಲಿ ಆನ್‌ಲೈನ್ ಸೈಕಾಲಜಿಸ್ಟ್’ ಎಂಬ ಜಾಹೀರಾತುಗಳಿಗೆ ಹಣ ಕಟ್ಟುವ ಮುನ್ನ ಇದನ್ನು ತಿಳಿದಿರಬೇಕು. ಮಗುವನ್ನು ಎದುರಿಗೆ ಕೂರಿಸಿಕೊಂಡು, ಹಿರಿಯರೊಬ್ಬರ ಕಣ್ಣೆದುರು ಕಲಿಯುವ ವಿದ್ಯೆ ಇದು. ಯುಜಿಸಿಯ ನಿರ್ಧಾರದಿಂದ ಕೆಲವರಿಗೆ ಕಷ್ಟವಾದರೂ ನಿರ್ಧಾರ ಸರಿಯಾದದ್ದೇ.

ಮೈಸೂರು ವಿಶ್ವವಿದ್ಯಾಲಯದಂಥ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಎರಡು ವರ್ಷದ್ದು, ನಾಲ್ಕು ಸೆಮಿಸ್ಟರ್. ಪದವಿ ಫಲಿತಾಂಶದ ಆಸುಪಾಸಿನಲ್ಲಿ ಪ್ರವೇಶ ಪ್ರಕಟಣೆ ಹೊರಬೀಳುತ್ತದೆ. ಆಯ್ಕೆಯ ಕ್ರಮ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಹೋದ ವರ್ಷ ಸೇರಿದವರ ಬಾಯಿಮಾತನ್ನು ನಂಬದೆ ಆ ವರ್ಷದ ಪ್ರಕಟಣೆಯನ್ನೇ ಸಾಲುಸಾಲಾಗಿ ಓದಬೇಕು. ಅರ್ಜಿ ಸೋಲುವುದು ಹೆಚ್ಚಾಗಿ ಅಂಕಗಳಿಂದಲ್ಲ, ಕಾಗದಗಳಿಂದ. ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಇವುಗಳಲ್ಲಿ ಯಾವುದಕ್ಕೆ ಸೇರಿದವರೋ ಅದರ ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಕನ್ನಡ ಮಾಧ್ಯಮ ಅಥವಾ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ ಬೇಕಾದರೆ ಓದಿದ ಶಾಲೆಗೆ ಹೋಗಿ ಬರೆಸಿಕೊಳ್ಳಬೇಕು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ಕಾಲೇಜಿಗೆ ಸೇರಿದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ಕಲಬುರಗಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಸೇರಿ, ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಿದೆ. ಬಹು ಆಯ್ಕೆಯ ಪ್ರಶ್ನೆಗಳು. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಮನೋಮಾಪನ ಎಂದರೆ ಕಲಾ ವಿಭಾಗದವರು ಹಿಂದೆ ಸರಿಯುತ್ತಾರೆ. ಪರೀಕ್ಷೆಗಷ್ಟೇ ಅಲ್ಲ, ಮುಂದಿನ ಕೆಲಸಕ್ಕೂ ಈ ಮೂರೇ ಬೆನ್ನೆಲುಬು. ಬುದ್ಧಿಮತ್ತೆಯ ಅಂಕ 85 ಬಂದರೆ ಅದರ ಅರ್ಥವೇನು, ಅದೇ ಮಗು ಇನ್ನೊಂದು ದಿನ ಕೂತರೆ ಎಷ್ಟು ಏರುಪೇರಾಗಬಹುದು ಎಂದು ಹೇಳಲಾರದವರು ಮಗುವಿನ ವರದಿಗೆ ಸಹಿ ಹಾಕಬಾರದು.

ಖಾಸಗಿ ಮತ್ತು ಹೊರರಾಜ್ಯದ ಸಂಸ್ಥೆಗಳಲ್ಲಿ, ಹೊರದೇಶಗಳಲ್ಲಂತೂ ಖಂಡಿತ, ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎಂಬ ಬರಹವನ್ನು ಕೇಳುತ್ತಾರೆ. ಈ ಓದು ಏಕೆ ಬೇಕು, ಓದಿ ಏನು ಮಾಡುವಿರಿ ಎಂಬುದಕ್ಕೆ ಒಂದೆರಡು ಪುಟದ ಉತ್ತರ. ಹೆಚ್ಚಿನವರು ‘ಚಿಕ್ಕಂದಿನಿಂದಲೂ ಮಕ್ಕಳೆಂದರೆ ಇಷ್ಟ’ ಎಂದು ಆರಂಭಿಸುತ್ತಾರೆ. ಆಯ್ಕೆ ಸಮಿತಿಗೆ ಆ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಒಂದು ಮಗುವನ್ನು ಗಮನವಿಟ್ಟು ನೋಡಿದ ಒಂದು ಪ್ಯಾರಾ ಅದಕ್ಕಿಂತ ಮೇಲು: ಏನು ಕಂಡಿತು, ಮೊದಲು ಏನೆಂದುಕೊಂಡದ್ದಾಯಿತು, ಆಮೇಲೆ ಆ ಎಣಿಕೆ ಹೇಗೆ ಬದಲಾಯಿತು, ಇನ್ನೂ ಏನು ಅರ್ಥವಾಗದೆ ಉಳಿದಿದೆ. ಮಗುವಿನ ಹೆಸರನ್ನಾಗಲಿ ಶಾಲೆಯ ಗುರುತನ್ನಾಗಲಿ ಬರೆಯಕೂಡದು. ಗುಟ್ಟು ಕಾಯುವ ಅಭ್ಯಾಸ ಅರ್ಜಿಯಲ್ಲೇ ಕಾಣಿಸಬೇಕು.

ಮೊಹಲ್ಲಾದ ಅರ್ಜಿದಾರರು ತಮ್ಮ ಕೈಯಲ್ಲಿರುವ ಬಂಡವಾಳವನ್ನು ಮುಚ್ಚಿಡುವುದೂ ಇಲ್ಲೇ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರೊಡನೆ ತಮಿಳು ಎಂಬುದನ್ನು ಅರ್ಜಿಯ ‘ಬಲ್ಲ ಭಾಷೆಗಳು’ ಎಂಬ ಕಲಂನಲ್ಲಿ ತುಂಬಿ ಮುಂದೆ ಹೋಗುತ್ತಾರೆ. ಹಳ್ಳಿ-ಹಲ್ಲಿಯ ಹುಡುಗನನ್ನು ಕಲಿಕಾ ನ್ಯೂನತೆಯವನೆಂದು ತಪ್ಪಾಗಿ ಗುರುತಿಸದಿರಲು ಬೇಕಾದ ಅರ್ಹತೆಯೇ ಅದು. ಅದಕ್ಕೆ ಬರಹದಲ್ಲಿ ಒಂದು ಪೂರ್ತಿ ಪ್ಯಾರಾ ಕೊಡಬೇಕು. ಸಂಜೆ ಟ್ಯೂಷನ್ ಹೇಳಿದ್ದು, ಅಂಗನವಾಡಿಯಲ್ಲಿ ನೆರವಾದದ್ದು, ತಮ್ಮನಿಗೆ ಓದು ಕಲಿಸಲು ಹೆಣಗಿದ್ದು ಇವೂ ಅನುಭವಗಳೇ. ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ, ಎಷ್ಟು ಮಕ್ಕಳು ಎಂದು ಲೆಕ್ಕ ಸಹಿತ ಬರೆಯಬೇಕು. ಶಿಫಾರಸು ಪತ್ರ ಕೊಡುವ ಮೇಷ್ಟ್ರಿಗೂ ಈ ವಿವರದ ಒಂದು ಪುಟವನ್ನು ಮುಂಚಿತವಾಗಿ ಕೊಟ್ಟರೆ ಅವರ ಪತ್ರ ‘ಒಳ್ಳೆಯ ನಡತೆಯ ವಿದ್ಯಾರ್ಥಿನಿ’ ಎಂಬಲ್ಲಿಗೆ ನಿಲ್ಲುವುದಿಲ್ಲ.

ಸ್ನಾತಕೋತ್ತರ ಪದವಿಯ ಬಳಿಕ ದಾರಿ ಎರಡಾಗುತ್ತದೆ. ಶಾಲೆಗೇ ಹತ್ತಿರವಾದದ್ದು ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಅಧ್ಯಯನ ಕೇಂದ್ರಗಳಲ್ಲಿ ಒಂದು; ದಕ್ಷಿಣದ ರಾಜ್ಯಗಳವರು ಇಲ್ಲಿಗೆ ಬರುತ್ತಾರೆ. ಒಂದು ವರ್ಷದ ಈ ಕೋರ್ಸ್‌ನಲ್ಲಿ ಮೊದಲ ಆರು ತಿಂಗಳು ಮನೆಯಲ್ಲೇ ಓದು, ಆಮೇಲೆ ಮೂರು ತಿಂಗಳು ಕೇಂದ್ರದಲ್ಲಿ ಎದುರು-ಬದುರು ತರಬೇತಿ, ಕೊನೆಯ ಮೂರು ತಿಂಗಳು ಇಂಟರ್ನ್‌ಶಿಪ್. ಕೆಲಸದಲ್ಲಿರುವ ಶಿಕ್ಷಕರೂ ಇದಕ್ಕೆ ಅರ್ಜಿ ಹಾಕಬಹುದು, ಮನಶ್ಶಾಸ್ತ್ರ, ಶಿಕ್ಷಣ, ಸಮಾಜಕಾರ್ಯ ಓದಿದವರೂ ಹಾಕಬಹುದು. ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಮೂವತ್ತೈದನೇ ವಯಸ್ಸಿನಲ್ಲಿ ಈ ವೃತ್ತಿಗೆ ಹೊರಳಬೇಕೆಂದರೆ ಇದಕ್ಕಿಂತ ಸೂಕ್ತವಾದ ಬಾಗಿಲು ಮೈಸೂರಿನಲ್ಲಿ ಇಲ್ಲ.

ಎರಡನೆಯದು ಕ್ಲಿನಿಕಲ್ ಸೈಕಾಲಜಿಯ ದಾರಿ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಂತೆ, ಪರಿಷತ್ತು ಮಾನ್ಯ ಮಾಡಿದ ತರಬೇತಿ ಪಡೆದು ನೋಂದಣಿಯಾದವರಷ್ಟೇ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ನಡೆಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ತರಬೇತಿಗೆ ದೇಶದಲ್ಲೇ ಹೆಸರಾದದ್ದು. ದಶಕಗಳ ಕಾಲ ಇದಕ್ಕೆ ಎರಡು ವರ್ಷದ ಎಂ.ಫಿಲ್. ಪದವಿ ಬೇಕಿತ್ತು. ಎಂ.ಫಿಲ್. ಪದವಿಯನ್ನೇ ಕೈಬಿಟ್ಟ ಮೇಲೂ ಈ ವಿಷಯಕ್ಕೆ 2025-26ರ ಪ್ರವೇಶದವರೆಗೆ ಯುಜಿಸಿ ವಿನಾಯಿತಿ ಕೊಟ್ಟಿತ್ತು. ಈಗ ಅರ್ಜಿ ಹಾಕುವವರು ಸೇರಲಿರುವ ಕೋರ್ಸ್‌ನ ಹೆಸರಿಗಿಂತ ಅದಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ನೋಡಬೇಕು. ಈ ಎರಡು ದಾರಿಗಳ ವ್ಯತ್ಯಾಸ ಬರಿಯ ಬಿರುದಿನದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. 2018ರ ಮಾರ್ಗಸೂಚಿ, ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು, ಆಮೇಲೆ ಮಕ್ಕಳ ವೈದ್ಯರು ನೋಡಿ, ಬುದ್ಧಿಮತ್ತೆಯ ಪರೀಕ್ಷೆ ಮತ್ತು ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳು ನಡೆಯಬೇಕು ಎಂದಿತು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಇಂಥ ರಿಯಾಯಿತಿಗಳು ಈ ಪರೀಕ್ಷೆಗಳ ಬಳಿಕ ಸಿಗುವ ನ್ಯೂನತೆಯ ಪ್ರಮಾಣಪತ್ರದ ಮೇಲೆ ನಿಂತಿವೆ. ಶಾಲೆಯ ಸಮಾಲೋಚಕರು ಮೊದಲ ತಪಾಸಣೆ ಮಾಡಿ ಮಗುವನ್ನು ವಾಕ್ ಶ್ರವಣ ಸಂಸ್ಥೆಗೋ ಸರ್ಕಾರಿ ಆಸ್ಪತ್ರೆಗೋ ಕಳುಹಿಸಬಲ್ಲರು. ಪ್ರಮಾಣಪತ್ರ ಕೊಡುವ ಅಧಿಕಾರ ಅವರದಲ್ಲ.

ಪ್ರವೇಶದ ಸಂದರ್ಶನದಲ್ಲಿ ವೃತ್ತಿಯ ಇಂಥ ಗಡಿಗಳನ್ನೇ ಪರೀಕ್ಷಿಸುತ್ತಾರೆ. ‘ಮನೆಯಲ್ಲಿ ಹೊಡೆಯುತ್ತಾರೆ, ಯಾರಿಗೂ ಹೇಳಬೇಡಿ ಎಂದು ಮಗು ಹೇಳಿದರೆ ಏನು ಮಾಡುವಿರಿ?’ ಎಂಬಂಥ ಪ್ರಶ್ನೆಗೆ ಸಿದ್ಧರಿರಬೇಕು. ಗುಟ್ಟು ಕಾಯುವ ಮಾತು ಮಗುವಿನ ಸುರಕ್ಷತೆಗಿಂತ ದೊಡ್ಡದಲ್ಲ. ಲೈಂಗಿಕ ದೌರ್ಜನ್ಯವಾದರಂತೂ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡುವುದು ಕಡ್ಡಾಯ. ಗುಟ್ಟಿಗೂ ಮಿತಿಯಿದೆ ಎಂಬುದನ್ನು ಮಗುವಿಗೆ ಮೊದಲ ಭೇಟಿಯಲ್ಲೇ ತಿಳಿಯುವಂತೆ ಹೇಳಬೇಕೆಂದು ಉತ್ತರಿಸುವವರು, ಪುಸ್ತಕದ ವ್ಯಾಖ್ಯೆ ಒಪ್ಪಿಸುವವರಿಗಿಂತ ಮುಂದಿರುತ್ತಾರೆ.

ಅಮೆರಿಕಕ್ಕೆ ಹೋಗಬಯಸುವವರಿಗೆ, ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೂ, ದಾರಿ ಉದ್ದ ಆದರೆ ನೇರ. ಅಲ್ಲಿನ ರಾಷ್ಟ್ರೀಯ ಶಾಲಾ ಮನಶ್ಶಾಸ್ತ್ರಜ್ಞರ ಸಂಘದ ಮಾನದಂಡದಂತೆ ಕನಿಷ್ಠ 60 ಕ್ರೆಡಿಟ್‌ಗಳ ‘ಸ್ಪೆಷಲಿಸ್ಟ್’ ಮಟ್ಟದ ಓದು, 1,200 ಗಂಟೆಗಳ ಇಂಟರ್ನ್‌ಶಿಪ್, ಅದರಲ್ಲಿ 600 ಗಂಟೆಯಾದರೂ ಶಾಲೆಯಲ್ಲೇ. ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ವೃತ್ತಿಯ ಪರವಾನಗಿ ಕೊಡುವುದು ಆಯಾ ರಾಜ್ಯ. ಟೆಕ್ಸಾಸ್‌ನದು ಕ್ಯಾಲಿಫೋರ್ನಿಯಾದಲ್ಲಿ ತಾನಾಗಿ ಸಲ್ಲುವುದಿಲ್ಲ. ನಮ್ಮ ಮೂರು ವರ್ಷದ ಪದವಿಯನ್ನಷ್ಟೇ ಹಿಡಿದು ಹೋದರೆ ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ, ಇಲ್ಲಿ ಎಂ.ಎಸ್ಸಿ. ಮುಗಿಸಿದ್ದರೆ ಆ ತಕರಾರು ಬಹುಮಟ್ಟಿಗೆ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಇದೇ ವೃತ್ತಿಗೆ ಡಾಕ್ಟರೇಟ್ ಬೇಕು.

ಇನ್ನು ಕೆಲಸ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಮಾಲೋಚಕರು ಮತ್ತು ವಿಶೇಷ ಶಿಕ್ಷಕರು ಇರಲೇಬೇಕೆಂದು ಮಾನ್ಯತೆಯ ನಿಯಮಗಳಲ್ಲಿ ಹೇಳಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿದ್ಯಾರ್ಥಿಗಳ ಆತ್ಮಹತ್ಯೆಗೆ ಸಂಬಂಧಿಸಿದ ತೀರ್ಪಿನಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ನೇಮಿಸಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಖಚಿತ ಏರ್ಪಾಡು ಮಾಡಿಕೊಳ್ಳಬೇಕು ಎಂದು ನಿರ್ದೇಶಿಸಿತು. ಸರ್ಕಾರಿ ಶಾಲೆಗಳಲ್ಲಿ ಸದ್ಯಕ್ಕೆ ಈ ಕೆಲಸದ ಒಂದು ಪಾಲನ್ನು ಹೊತ್ತವರು ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ತಾಲ್ಲೂಕು ಮಟ್ಟದಲ್ಲಿ ಓಡಾಡುವ ‘ಬಿಐಇಆರ್‌ಟಿ’ಗಳು, ಎಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಒಬ್ಬೊಬ್ಬರ ಹೆಗಲಿಗೂ ಹಲವಾರು ಶಾಲೆಗಳು. ಹೊರೆ ಅವರ ಅಳತೆ ಮೀರಿದ್ದು.

ಖಾಸಗಿ ಶಾಲೆಗೆ ಸೇರುವವರು ನೇಮಕ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಮಾತುಗಳಿವೆ. ಸಮಾಲೋಚಕರಿಗೆ ಬಿಡುವಿದೆ ಎಂದುಕೊಂಡು ರಜೆ ಹಾಕಿದ ಶಿಕ್ಷಕರ ಪೀರಿಯಡ್‌ಗಳಿಗೆ ಕಳುಹಿಸುವುದು ಹಲವು ಶಾಲೆಗಳ ವಾಡಿಕೆ. ಬೆಳಿಗ್ಗೆ ಗಣಿತದ ತರಗತಿಯಲ್ಲಿ ಗದರಿಸಿದವರ ಬಳಿ ಮಧ್ಯಾಹ್ನ ಮನಸ್ಸು ಬಿಚ್ಚಲು ಯಾವ ಮಗುವೂ ಬರುವುದಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ, ಆದರೆ ಗಾಜಿನ ಕಿಂಡಿಯುಳ್ಳ ಒಂದು ಕೋಣೆ, ಬೀಗವಿರುವ ಒಂದು ಬೀರು, ಮಗುವಿನ ಕಡತವನ್ನು ಯಾರು ಯಾರು ನೋಡಬಹುದು ಎಂಬ ಲಿಖಿತ ನಿಯಮ, ಮೊದಲ ವರ್ಷ ಪ್ರಕರಣಗಳನ್ನು ಚರ್ಚಿಸಲು ಹಿರಿಯ ಮನಶ್ಶಾಸ್ತ್ರಜ್ಞರೊಬ್ಬರ ಮೇಲ್ವಿಚಾರಣೆ: ಇಷ್ಟು ನೇಮಕ ಪತ್ರದಲ್ಲೇ ನಮೂದಾಗಿರಬೇಕು.